ಚೀಲ ತೆಗೆಯಿರಿ ಅಂತ ಬಂದವರನ್ನು ನಾನು ಹೇಗೆ ನೋಡುತ್ತೇನೆ

"ಎರಡ ಮಕ್ಕಳಾಗ್ಯಾವ್ರಿ, ಆಪರೇಷನ್ನೂ ಆಗೇತಿ. ಇನ್ನ ಚೀಲ ಇಟ್ಕೊಂಡು ಏನ್ ಮಾಡ್ಲ್ರಿ ಬಾಯಾರ? ತಗದಬಿಡ್ರಿ."

ನನ್ನ ಓಪಿಡಿಯಲ್ಲಿ ಈ ಮಾತು ಕೇಳದ ವಾರವೇ ಇಲ್ಲ. ಕೇಳುವವಳಿಗೆ ವಯಸ್ಸು 32, 33. ನಮ್ಮ ಕಡೆ ಮದುವೆ ಬೇಗ, ಮಕ್ಕಳು ಬೇಗ, ಮಕ್ಕಳಾಗದಂತೆ ಆಪರೇಷನ್ನೂ ಬೇಗ. ಅಲ್ಲಿಗೆ ಗರ್ಭಚೀಲದ ಕೆಲಸ ಮುಗಿಯಿತು ಅನ್ನುವ ಲೆಕ್ಕ.

ನಾನು ಹುಬ್ಬಳ್ಳಿಯಲ್ಲಿ ಓದಿದೆ. ಕೆಲವು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿದ್ದು, ಆಮೇಲೆ ಜಮಖಂಡಿ ಕಡೆ ಸಣ್ಣದೊಂದು ನರ್ಸಿಂಗ್ ಹೋಮ್ ಹಾಕಿದೆ. ಹೆರಿಗೆ, ಸಿಸೇರಿಯನ್ ಇದ್ದೇ ಇವೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ನನ್ನ ಗುರುತು ಮಾತ್ರ "ಆ ಬಾಯಾರು ಚೀಲ ಲಗೂನ ತಗಿಯೂದಿಲ್ಲ" ಅಂತ. ಅದು ಹೊಗಳಿಕೆಯೋ ದೂರೋ, ಹೇಳುವವರ ಮುಖ ನೋಡಿಯೇ ತಿಳಿಯಬೇಕು.

ಒಂದು ವಿಷಯ ಬೇಗ ಅರ್ಥವಾಯಿತು. ಮೊದಲ ದಿನವೇ "ಬೇಡ" ಅನ್ನಬಾರದು. ಬೇಡ ಅಂದರೆ ಆಕೆ ಎದ್ದು ಮುಂದಿನ ಬೀದಿಯ ನರ್ಸಿಂಗ್ ಹೋಮ್‌ಗೆ ಹೋಗುತ್ತಾಳೆ. ಮುಂದಿನ ವಾರಕ್ಕೆ ಆಪರೇಷನ್ ಮುಗಿದಿರುತ್ತೆ. ಅದಕ್ಕೇ ನಾನು ಹೇಳುವುದು: "ತಗಿಯೂದು ಆಮ್ಯಾಲ ನೋಡೂಣು. ಮೊದ್ಲ ನಿನಗ ಏನ್ ತ್ರಾಸ ಐತಿ ಹೇಳ ತಂಗಿ. ಮೂರ್ ತಿಂಗಳ ನಾ ಹೇಳಿದಂಗ ಮಾಡು. ಕಡಿಮಿ ಆಗ್ಲಿಲ್ಲಂದ್ರ ನಾನ ತಗೀತೀನಿ." ಕೊನೆಯ ಮಾತು ಸುಮ್ನೆ ಸಮಾಧಾನಕ್ಕಲ್ಲ. ಬೇಕಾದಾಗ ತೆಗೆದೂ ಇದ್ದೇನೆ.

ಆಮೇಲೆ ಕೂತು ಕೇಳಿದರೆ ಒಳಗಿನ ವಿಷಯ ಒಂದೊಂದಾಗಿ ಹೊರಗೆ ಬರುತ್ತೆ. ಹೆಚ್ಚಿನವರಿಗೆ ಬೇಕಾಗಿರುವುದು ಆಪರೇಷನ್ ಅಲ್ಲ. ಒಬ್ಬಳಿಗೆ ಬಿಳಿ ಹೋಗುವುದು ನಿಲ್ಲಬೇಕು, ಇನ್ನೊಬ್ಬಳಿಗೆ ತಿಂಗಳಿಗೆ ಎಂಟು ದಿನ ಬಟ್ಟೆ ಒಗೆಯುವುದು ತಪ್ಪಬೇಕು. ಮತ್ತೊಬ್ಬಳಿಗೆ ಕ್ಯಾನ್ಸರ್ ಹೆದರಿಕೆ. ಈ ಮೂರಕ್ಕೂ ದಾರಿ ಬೇರೆ ಬೇರೆ.

ಬಿಳಿ ಹೋಗುವುದನ್ನೇ ನೋಡಿ. ಸ್ವಲ್ಪ ಮಟ್ಟಿಗೆ ಅದು ಎಲ್ಲರಿಗೂ ಸಹಜ. ತುರಿಕೆ, ವಾಸನೆ, ಬಣ್ಣ ಇದ್ದರೆ ಸೋಂಕು. ಮಾತ್ರೆಗೆ ಹೋಗುತ್ತೆ. ಕೆಲವು ಸೋಂಕಿಗೆ ಗಂಡನೂ ಮಾತ್ರೆ ನುಂಗಬೇಕು, ಇಲ್ಲದಿದ್ದರೆ ತಿರುಗಿ ಬರುತ್ತೆ. ಗಂಡನಿಗೆ ಆ ಮಾತ್ರೆ ನುಂಗಿಸುವುದಿದೆಯಲ್ಲ, ಆಪರೇಷನ್ನೇ ಸುಲಭ ಅನ್ನಿಸುತ್ತೆ ಒಮ್ಮೊಮ್ಮೆ! ಆದರೆ ಬಿಳಿ ಹೋಗುತ್ತೆ ಅಂತ ಗರ್ಭಚೀಲ ತೆಗೆಯುವುದರಲ್ಲಿ ಅರ್ಥವೇ ಇಲ್ಲ.

ಕ್ಯಾನ್ಸರ್ ಹೆದರಿಕೆ ಹುಟ್ಟುವುದು ಬಹಳ ಸಲ ಸ್ಕ್ಯಾನಿಂಗ್ ರಿಪೋರ್ಟಿನಿಂದ. ಮಡಚಿ ಮಡಚಿ ಮೆತ್ತಗಾದ ಕಾಗದವನ್ನು ಸೀರೆಯ ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ಅದರಲ್ಲಿ 'ಬಲ್ಕಿ ಯೂಟರಸ್', 'ನೆಬೋಥಿಯನ್ ಸಿಸ್ಟ್' ಅಂತಿರುತ್ತೆ. ಯಾರೋ ಅದನ್ನು ಓದಿ "ಚೀಲಕ್ಕ ಬಾವು ಬಂದೈತಿ, ಬಾಯಿಗೆ ಗುಳ್ಳಿ ಆಗ್ಯಾವ, ಮುಂದ ಕ್ಯಾನ್ಸರ್ ಆಗ್ತೈತಿ" ಅಂದಿರುತ್ತಾರೆ. ಹೆತ್ತವಳ ಗರ್ಭಚೀಲ ಸ್ವಲ್ಪ ದೊಡ್ಡದಿರುವುದು ಮಾಮೂಲು. ಆ ಗುಳ್ಳೆಗಳೂ ಮಾಮೂಲು, ಅವು ಕ್ಯಾನ್ಸರ್ ಆಗುವುದಿಲ್ಲ. ನಾನು ಪೆನ್ನು ತೆಗೆದು ಆ ಶಬ್ದಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ "ತೊಂದರೆ ಇಲ್ಲ" ಅಂತ ಕನ್ನಡದಲ್ಲಿ ಬರೆದು ಸಹಿ ಮಾಡುತ್ತೇನೆ. ಬಾಯಲ್ಲಿ ಹೇಳಿದ್ದು ಮನೆ ಮುಟ್ಟುವುದರೊಳಗೆ ಅತ್ತೆ, ನಾದಿನಿ, ಪಕ್ಕದ ಮನೆಯವರ ಮಾತಿನಲ್ಲಿ ಕರಗಿಹೋಗುತ್ತೆ. ಬರೆದದ್ದು ಉಳಿಯುತ್ತೆ.

ಹಾಗಂತ ಪರೀಕ್ಷೆ ಮಾಡದೆ ಧೈರ್ಯ ಹೇಳಿ ಕಳಿಸುವುದಿಲ್ಲ. 30 ದಾಟಿದವರಿಗೆ ಗರ್ಭಚೀಲದ ಬಾಯಿಗೆ ತೆಳು ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯುತ್ತೇನೆ. ವಿನೆಗರ್ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಬಿಳಿ ಮಚ್ಚೆ ಎದ್ದರೆ ಮುಂದಿನ ಪರೀಕ್ಷೆ, ಬೇಕಿದ್ದರೆ ಬಯಾಪ್ಸಿ. ಏಳದಿದ್ದರೆ ಇಬ್ಬರಿಗೂ ನಿಶ್ಚಿಂತೆ. ಅವರ ಒಪ್ಪಿಗೆ ಕೇಳಿ, ಅವರದೇ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿ, ಅಲ್ಲೇ ಅಳಿಸುತ್ತೇನೆ. ತನ್ನ ಮೈಯ ಆ ಭಾಗವನ್ನು ಹುಟ್ಟಿದಾಗಿನಿಂದ ನೋಡದ ಹೆಂಗಸು "ಇಷ್ಟ ಏನ್ರಿ?" ಅಂತ ನಗುತ್ತಾಳೆ.

ರಕ್ತ ಜಾಸ್ತಿ ಹೋಗುವುದು ಮಾತ್ರ ನಿಜವಾದ ಕಷ್ಟ. ಪುಸ್ತಕದಲ್ಲಿ ಪ್ಯಾಡ್ ಲೆಕ್ಕ ಇದೆ. ಬಟ್ಟೆ ಬಳಸುವವರನ್ನು ಏನು ಕೇಳುವುದು? ನಾನು ಕೇಳುವುದು ರಾತ್ರಿ ಎಷ್ಟು ಸಲ ಏಳಬೇಕು, ಗಡ್ಡೆ ಬೀಳುತ್ತಾ, ಬಿದ್ದರೆ ಅಡಿಕೆಯಷ್ಟಾ ನಿಂಬೆಹಣ್ಣಿನಷ್ಟಾ ಅಂತ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡುತ್ತೇನೆ. 45 ದಾಟಿದ್ದರೆ ಒಳಗಿನ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಬೇರೆ ಮಾತಿಲ್ಲ. ಎಲ್ಲ ಸರಿಯಿದ್ದರೆ ಮುಟ್ಟಿನ ದಿನಗಳಲ್ಲಿ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಜೊತೆಗೆ ಕಬ್ಬಿಣಾಂಶ. ಸಾಲದಿದ್ದರೆ ಮಿರೇನಾ, ಗರ್ಭಚೀಲದೊಳಗೆ ಕೂತು ಹಾರ್ಮೋನ್ ಬಿಡುವ ಸಾಧನ. ನೋಡಲು ಕಾಪರ್-ಟಿ ಥರವೇ, ಹಾಕುವುದೂ ಹಾಗೇ. ವರ್ಷಗಟ್ಟಲೆ ಕೆಲಸ ಮಾಡುತ್ತೆ. ಆದರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿ ಹನಿ ಕಾಣಿಸಿಕೊಳ್ಳುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಿಗೇ ತೆಗೆಸಲು ಬಂದು ನಿಲ್ಲುತ್ತಾರೆ. ಗಂಡನ ಎದುರಿಗೇ ಹೇಳಿ ಕಳಿಸುತ್ತೇನೆ.

ಇಷ್ಟಾಗಿಯೂ ಕೆಲವರಿಗೆ ಆಪರೇಷನ್ ಬೇಕೇ ಬೇಕು. ದೊಡ್ಡ ಫೈಬ್ರಾಯ್ಡ್ (ಚೀಲದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು), ಮಾತ್ರೆಗೆ ಬಗ್ಗದ ಅಡಿನೋಮಯೋಸಿಸ್ (ಒಳಪದರ ಚೀಲದ ಗೋಡೆಯೊಳಗೇ ಬೆಳೆಯುವುದು), ಚೀಲ ಜಾರುವುದು, ಕ್ಯಾನ್ಸರ್. ಆಗ ತಡ ಮಾಡುವುದೂ ತಪ್ಪೇ. ಆದರೆ ಕೆಟ್ಟಿಲ್ಲದ ಅಂಡಾಶಯವನ್ನು ಚಿಕ್ಕ ವಯಸ್ಸಿನವರಲ್ಲಿ ಮುಟ್ಟುವುದಿಲ್ಲ. ಎರಡೂ ತೆಗೆದರೆ 35ರ ಹೆಂಗಸಿಗೆ ಒಂದೇ ದಿನದಲ್ಲಿ ಮುಟ್ಟು ನಿಂತವಳ ಮೈ ಬರುತ್ತೆ. ಮೈ ಬಿಸಿ, ನಿದ್ದೆ ಇಲ್ಲ, ಮೂಳೆ ಸವೆತ. ಅಂಡಾಶಯ ಉಳಿಸಿದರೂ ಅವು ಸ್ವಲ್ಪ ಬೇಗ ಸೋಲುವುದುಂಟು.

"ಹಿಂಗ ಮಾಡಿದ್ರ ನಿಮ್ಮ ನರ್ಸಿಂಗ್ ಹೋಮ್ ನಡದಂಗ" ಅಂತ ಒಬ್ಬ ಹಿರಿಯ ಡಾಕ್ಟರು ನಕ್ಕಿದ್ದರು. ಲೆಕ್ಕ ಸುಳ್ಳಲ್ಲ. ಒಂದು ಆಪರೇಷನ್ನಿನ ದುಡ್ಡಿಗೆ ಎಷ್ಟೋ ಸಲದ ಕನ್ಸಲ್ಟೇಷನ್ ಸಮವಾಗುವುದಿಲ್ಲ. ನಮ್ಮದು ಹೆರಿಗೆಗಳಿಂದ ನಡೆಯುತ್ತಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಗರ್ಭಚೀಲದ ಆಪರೇಷನ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಖಾಸಗಿಯಲ್ಲೇ ಆಗಿವೆ. ನಮ್ಮ ವೃತ್ತಿಯವರು ಇದಕ್ಕೆ ಉತ್ತರ ಕೊಡಬೇಕಲ್ವಾ?

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು. ಅದನ್ನು ಇಟ್ಟುಕೊಂಡೇ ನಾನು ಆಶಾ ಕಾರ್ಯಕರ್ತೆಯರ ಸಭೆಗೆ, ಸ್ತ್ರೀಶಕ್ತಿ ಸಂಘಗಳಿಗೆ ಹೋಗುತ್ತೇನೆ. ಭಾಷಣ ಕಡಿಮೆ. ಒಂದೇ ಮಾತು ಹೇಳಿಕೊಡುತ್ತೇನೆ: ಯಾರೇ ತೆಗೆಸಿ ಅಂದರೂ "ಬ್ಯಾರೆ ಏನ್ ಮಾಡಬಹುದು, ಅಂಡಾಶಯ ಉಳಿಸ್ತೀರೇನು" ಅಂತ ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ಇದಕ್ಕೆಲ್ಲ ಸಮಯ ಎಲ್ಲಿಂದ ಅಂತ ಕೇಳುತ್ತಾರೆ. ಊರಿನ ಇನ್ನೊಬ್ಬ ಸ್ತ್ರೀರೋಗ ತಜ್ಞೆಯೂ ನಾನೂ ರಾತ್ರಿ ಡ್ಯೂಟಿ ಹಂಚಿಕೊಂಡಿದ್ದೇವೆ. ಅವಳ ರಾತ್ರಿ ಬಂದ ನನ್ನ ಪೇಷಂಟ್‌ನ್ನು ಅವಳೇ ನೋಡುತ್ತಾಳೆ, ಹಾಗೇ ನಾನೂ. ಪೇಷಂಟ್ ಕಳೆದುಕೊಳ್ಳುತ್ತೀರಿ ಅಂತ ಎಲ್ಲರೂ ಹೆದರಿಸಿದರು. ಕಳೆದುಕೊಂಡಿದ್ದು ಬಿಪಿ ಮಾತ್ರ. ಈಗ ಬೆಳಿಗ್ಗೆ ಬ್ಯಾಡ್ಮಿಂಟನ್ ಇದೆ, ಸೋಮವಾರ ಸಂಜೆ ಮಠದಲ್ಲಿ ಹೆಂಗಸರ ಭಜನೆ ಇದೆ. ನನ್ನ ಕಂಠ ಅಷ್ಟಕ್ಕಷ್ಟೇ, ತಾಳ ಕೊಟ್ಟು ಕೂರಿಸಿದ್ದಾರೆ.

ನನಗಿನ್ನೂ ದಾರಿ ಕಾಣದಿರುವುದು ಕಬ್ಬು ಕಡಿಯಲು ಬರುವವರ ವಿಷಯದಲ್ಲಿ. ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆ ಕಡೆಯಿಂದ ಗ್ಯಾಂಗ್‌ಗಳು ನಮ್ಮ ಫ್ಯಾಕ್ಟರಿಗಳಿಗೂ ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು, ಕೂಲಿಯ ಲೆಕ್ಕಕ್ಕೆ ಇಬ್ಬರೂ ಒಂದೇ. ಒಂದು ದಿನ ತಪ್ಪಿಸಿದರೆ ಮುಕಾದಮ, ಅಂದರೆ ಅವರನ್ನು ಕರೆತಂದ ಗುತ್ತಿಗೆದಾರ, ದಂಡ ಹಿಡಿಯುತ್ತಾನೆ. ಮುಟ್ಟಿಗೂ ರಜೆ ಇಲ್ಲ. 2019ರಲ್ಲಿ ಮಹಾರಾಷ್ಟ್ರದ ಸಮಿತಿಯೊಂದು ಬೀಡ್‌ನಲ್ಲಿ ವಿಚಾರಿಸಿದ 82 ಸಾವಿರ ಕಬ್ಬಿನ ಕೂಲಿ ಹೆಂಗಸರಲ್ಲಿ 13 ಸಾವಿರಕ್ಕೂ ಜಾಸ್ತಿ ಜನಕ್ಕೆ ಗರ್ಭಚೀಲ ಇರಲಿಲ್ಲ. ಇವರಿಗೆ "ಮೂರು ತಿಂಗಳು ಬಿಟ್ಟು ಬಾ" ಅನ್ನುವ ನನ್ನ ಮಾತು ನಡೆಯುವುದಿಲ್ಲ. ಅಷ್ಟೊತ್ತಿಗೆ ಬೇರೆ ಊರಿನ ಗದ್ದೆಯಲ್ಲಿರುತ್ತಾರೆ. ಸದ್ಯಕ್ಕೆ ಪರೀಕ್ಷೆಯ ಫಲಿತಾಂಶವನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಿದ್ದೇನೆ. ಮುಂದಿನ ಹಂಗಾಮಿಗೆ ಗುಡಿಸಲುಗಳ ಹತ್ತಿರವೇ ವಾರಕ್ಕೊಂದು ಸಂಜೆ ಕೂರಲು ಒಂದು ಕೋಣೆ ಕೊಡಿ ಅಂತ ಫ್ಯಾಕ್ಟರಿಯವರ ಬೆನ್ನು ಹತ್ತಿದ್ದೇನೆ.