ನಮ್ಮ ಪದ್ಮಿನಿ ಕುಡತಿನಿ ದಾಟಿದ ಕಥೆ

ಹೋದ ಮೇ ತಿಂಗಳ ಒಂದು ಮಧ್ಯಾಹ್ನ, ಏಸಿ ಕಾರಿನವರೂ ಹೊರಗೆ ಬೀಳದ ಹೊತ್ತಿನಲ್ಲಿ, ನನ್ನ 1986ರ ಪ್ರೀಮಿಯರ್ ಪದ್ಮಿನಿ ಕಾರನ್ನು ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಸಂಡೂರಿಗೆ ಒಂದೇ ಉಸಿರಿಗೆ ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ‘ಗುಜರಿಗೆ ಹಾಕ್ರಿ ಸಾರ್, ತೂಕಕ್ಕಾದ್ರೂ ರೊಕ್ಕ ಬರ್ತದ’ ಅಂದವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ರೋಗ ಇಷ್ಟು. ಬೆಳಿಗ್ಗೆ ಚೋಕ್ ಎಳೆದರೆ ಸೆಲ್ಫ್ ಅರ್ಧ ಹೊಡೆಯುವಷ್ಟರಲ್ಲಿ ಸ್ಟಾರ್ಟ್. ಊರೊಳಗೆ ಚೆಂದ ಓಡುತ್ತದೆ. ಹದಿನೈದು-ಇಪ್ಪತ್ತು ಕಿಲೋಮೀಟರ್ ಆದ ಮೇಲೆ, ತೋರಣಗಲ್ಲು ದಾರಿಯ ಕುಡತಿನಿ ಹತ್ತಿರ ಅದಿರು ಲಾರಿಗಳ ಹಿಂದೆ ನಿಧಾನ ಮಾಡಿದೆನೋ, ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ಓಟ) ತಡವರಿಸಿ ಆಫ್. ಆಮೇಲೆ ಸೆಲ್ಫ್ ಹೊಡೆದಷ್ಟೂ ಬ್ಯಾಟರಿ ಇಳಿಯುವುದೇ. ಬಾನೆಟ್ ಎತ್ತಿ ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತು ಬಂದರೆ ಮತ್ತೆ ಸಾಧು. ಒಮ್ಮೆ ಹೆಂಡತಿ, ಅತ್ತೆ ಇಬ್ಬರೂ ಒಳಗಿದ್ದಾಗ ನಿಂತಿತು. ಆ ಅರ್ಧ ಗಂಟೆಯ ವಿಚಾರ ಇಲ್ಲಿ ಬೇಡ.

ಮೊದಲು ತೋರಿಸಿದ ಮಿಸ್ತ್ರಿ ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ರಿಪೇರಿ ಕಿಟ್ ಹಾಕಿದ. ಸುಮಾರು ಎಂಟು ನೂರು. ತಿಂಗಳಿಗೆ ಇನ್ನೊಂದು ಕಿಟ್. ಆಮೇಲೆ ಕಿಡಿ ಕೊಡುವ ಸಾಮಾನು: ಕಾಯಿಲ್, ಕಂಡೆನ್ಸರ್, ಪಾಯಿಂಟ್, ಪ್ಲಗ್ಗು. ಟ್ಯಾಂಕ್ ಇಳಿಸಿ ತೊಳೆಸಿದೆ; ಒಂದು ಮುಷ್ಟಿ ತುಕ್ಕು ಬಂತು, ರೋಗ ಹೋಗಲಿಲ್ಲ. ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಒಳಗೊಳಗೇ ಕರಗಿ ಫ್ಲೋಟ್ ಚೇಂಬರಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಕಪ್ಪು ಹಿಟ್ಟು ಕೂತಿತ್ತು. ಪೈಪೂ ಬದಲಾಯಿತು.

ಆಮೇಲೆ ಎಲ್ಲರೂ ಹೇಳುವಂತೆ ಮಾರುತಿ 800ರ ಕಾರ್ಬುರೇಟರ್. ಅಡಾಪ್ಟರ್ ಪ್ಲೇಟ್, ಕೂಲಿ ಸೇರಿ ಮೂರೂವರೆ ಸಾವಿರ. ಓಡಿತು, ಆದರೆ ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ಬಿಕ್ಕಳಿಸಿ ಎಳೆಯುತ್ತಿತ್ತು, ಮೈಲೇಜು ಎಂಟಕ್ಕೆ ಇಳಿಯಿತು. ನಿಲ್ಲುವುದು ಮಾತ್ರ ಅದೇ ಕುಡತಿನಿಯಲ್ಲಿ! ಕಾರ್ಬುರೇಟರನ್ನೇ ಬದಲಿಸಿದರೂ ರೋಗ ಅದೇ ಅಂದರೆ ಏನರ್ಥ? ಅವತ್ತು ತಲೆಗೆ ಹೋಗಲಿಲ್ಲ. ಸೋಲೆಕ್ಸನ್ನೇ ವಾಪಸ್ ಕೂರಿಸಿದೆ.

ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ ಎಂದುಕೊಂಡು ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಪೆಟ್ರೋಲ್ ಪೈಪಿಗೆ ಸಾಲಾಗಿ ಹಾಕಿದೆ. ಹಳಬರು ಹೇಳುತ್ತಿದ್ದ ಉಪಾಯ. ಏನೂ ಆಗಲಿಲ್ಲ, ಮನೆಯಲ್ಲಿ ಬೈಸಿಕೊಂಡದ್ದೇ ಬಂತು. ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್ ಕೂರಿಸಿದೆ, ಒಂಬತ್ತು ನೂರು. ಅದರ ಒತ್ತಡಕ್ಕೆ ಕಾರ್ಬುರೇಟರಿಗೆ ಪೆಟ್ರೋಲ್ ಅಳೆದು ಬಿಡುವ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕಿ ಸುರಿಯಿತು. ಬೆಂಕಿ ಹತ್ತಲಿಲ್ಲ, ನಮ್ಮ ಪುಣ್ಯ. ಅದನ್ನೂ ಬಿಚ್ಚಿದೆ.

ದಾರಿ ತೋರಿಸಿದ್ದು ಒದ್ದೆ ಗೋಣಿಚೀಲ. ಮುಂದಿನ ಸಲ ನಿಂತಾಗ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತಿದೆ, ಉಪಯೋಗವಿಲ್ಲ. ಅದಕ್ಕೂ ಮುಂದಿನ ಸಲ ಕಾರ್ಬುರೇಟರಿಗೆ ಸುತ್ತಿದೆ. ಐದೇ ನಿಮಿಷಕ್ಕೆ ಸ್ಟಾರ್ಟ್! ಅಂದರೆ ಪೆಟ್ರೋಲ್ ಕುದಿಯುತ್ತಿದ್ದದ್ದು ಫ್ಲೋಟ್ ಚೇಂಬರಿನಲ್ಲೇ. ಕಾರ್ಬುರೇಟರ್ ಬಿಚ್ಚಿ ಅಡಿ ನೋಡಿದರೆ ಶಾಖ ತಡೆಯುವ ಬೇಕಲೈಟ್ ತುಂಡೇ ಇಲ್ಲ, ಬರೀ ಕಾಗದದ ಪ್ಯಾಕಿಂಗು. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ತೆಗೆದನೋ. ಮಾರುತಿ ಕಾರ್ಬುರೇಟರ್ ಕೂತದ್ದೂ ಅದೇ ಬಿಸಿ ಲೋಹದ ಮೇಲೆ.

ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಹೈಲಾಮ್ (ಬೇಕಲೈಟ್ ಜಾತಿಯ ಗಟ್ಟಿ ಹಾಳೆ) ತುಂಡು ಸಿಕ್ಕಿತು, ಎಂಟು ಮಿಲಿಮೀಟರ್ ಇರಬಹುದು. ಅರವತ್ತು ರೂಪಾಯಿ. ಪ್ಯಾಕಿಂಗನ್ನೇ ಅಚ್ಚು ಮಾಡಿ ಕತ್ತರಿಸಿದೆ. ಕಾರ್ಬುರೇಟರ್ ಬಿಗಿಯುವ ಸ್ಟಡ್ ಗಿಡ್ಡ ಆದವು, ಲೇತ್‌ನವನು ಉದ್ದದ್ದು ಮಾಡಿಕೊಟ್ಟ. ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೇನೋ ಎಂಬ ಭಯವಿತ್ತು, ಕೂದಲೆಳೆಯಲ್ಲಿ ಉಳಿಯಿತು. ಆಕ್ಸಿಲರೇಟರಿನ ಲಿಂಕೇಜ್ ರಾಡ್ ಮಾತ್ರ ಮತ್ತೆ ಹೊಂದಿಸಬೇಕಾಯಿತು.

ಇಷ್ಟಾದರೂ ಐಡ್ಲಿಂಗ್ ಹದಕ್ಕೆ ಬರಲಿಲ್ಲ ನೋಡಿ. ಕಾರ್ಬುರೇಟರ್ ಬುಡಕ್ಕೆ ಕ್ಲೀನರ್ ಸ್ಪ್ರೇ ಮಾಡಿದರೆ ಇಂಜಿನ್ ಸದ್ದೇ ಬದಲಾಗುತ್ತಿತ್ತು. ಅಂದರೆ ಬುಡದ ಸಂದಿನಿಂದ ಗಾಳಿ ಎಳೆಯುತ್ತಿದೆ. (ಇದನ್ನು ಇಂಜಿನ್ ಬಿಸಿಯಾಗುವ ಮೊದಲೇ ಮಾಡಿ.) ಸ್ಟೀಲ್ ಸ್ಕೇಲ್ ಇಟ್ಟರೆ ಕಾರ್ಬುರೇಟರ್ ಬುಡದ ಚಪ್ಪಟೆ ಅಂಚಿನ, ಅಂದರೆ ಫ್ಲ್ಯಾಂಜಿನ ನಡುವೆ ಬೆಳಕು ಹಾಯಿತು. ವರ್ಷಗಟ್ಟಲೆ ನಟ್ಟು ಜಗ್ಗಿ ಜಗ್ಗಿ ಎರಡೂ ಕಿವಿ ಬಾಗಿಹೋಗಿದ್ದವು. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಎರಡು ಸಂಜೆ ತಿಕ್ಕಿದೆ. ಈಗ ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗೆ, ಐಡ್ಲಿಂಗ್ ಹೊಲಿಗೆ ಮಷೀನಿನ ಹಾಗೆ. ಮೈಲೇಜು ಹದಿಮೂರರ ಆಸುಪಾಸು. ಪ್ಯಾಕಿಂಗಿಗೆ ಏನು ಸವರಿದೆ, ನಟ್ಟು ಎಷ್ಟು ಬಿಗಿದೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬಂದು ಒಗ್ಗರಣಿ-ಮಿರ್ಚಿ ಕೊಡಿಸಿದವರಿಗೆ ಹೇಳುತ್ತೇನೆ.

ಕೆಲಸಕ್ಕೆ ಬಾರದ್ದಕ್ಕೆ ಹೋದದ್ದು ಹತ್ತು-ಹನ್ನೊಂದು ಸಾವಿರ. ಕೆಲಸಕ್ಕೆ ಬಂದದ್ದಕ್ಕೆ ಲೇತ್ ಕೂಲಿ ಸೇರಿ ನಾನೂರು ದಾಟಿಲ್ಲ. ಗುಜರಿ ಅಂದಿದ್ದ ಮಿಸ್ತ್ರಿಯೇ ಮೊನ್ನೆ ಇನ್ನೊಂದು ಪದ್ಮಿನಿಯನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿದ. ಬಾನೆಟ್ ಎತ್ತಿ ನೋಡಿದೆ: ಅದಕ್ಕೂ ಬೇಕಲೈಟ್ ಇಲ್ಲ.