ಎಡಗೈಯವನ ಬಲಗೈ ಕತ್ತಿ: ‘ಸ್ಕೈವರ್ಡ್ ಸ್ವೋರ್ಡ್’ ಆಡಿದ ನನ್ನ ಅನುಭವ

ನಾನು ಎಡಚ. ಬರೆಯುವುದು, ಕತ್ತರಿ ಹಿಡಿಯುವುದು, ಚೆಂಡು ಎಸೆಯುವುದು ಎಲ್ಲವೂ ಎಡಗೈಯಲ್ಲೇ. ಆದ್ದರಿಂದ ‘ದ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸ್ವೋರ್ಡ್’ ಎಂಬ ವಿಡಿಯೊ ಆಟದಲ್ಲಿ ಬಟನ್ ಒತ್ತುವ ಬದಲು ಕೈಯನ್ನೇ ಬೀಸಿ ಕತ್ತಿ ನಡೆಸಬೇಕು ಎಂದು ತಿಳಿದಾಗ, ಯಾವ ಕೈ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ಈ ಸರಣಿಯ ನಾಯಕ ಲಿಂಕ್ ಹಿಂದಿನ ಬಹುಪಾಲು ಆಟಗಳಲ್ಲಿ ಎಡಗೈಯವನು. 2006ರಲ್ಲಿ ನಿಂಟೆಂಡೊ ವೀ ಎಂಬ ಆಟದ ಯಂತ್ರಕ್ಕೆ ಬಂದ ‘ಟ್ವೈಲೈಟ್ ಪ್ರಿನ್ಸೆಸ್’ನಲ್ಲಿ, ಹೆಚ್ಚಿನವರು ಆ ಯಂತ್ರದ ಕೈಯಲ್ಲಿ ಹಿಡಿದು ಬೀಸುವ ರಿಮೋಟನ್ನು ಬಲಗೈಯಲ್ಲಿ ಹಿಡಿಯುತ್ತಾರೆಂಬ ಕಾರಣಕ್ಕೆ, ಇಡೀ ಲೋಕವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅವನನ್ನು ಬಲಗೈಯವನನ್ನಾಗಿ ಮಾಡಿದ್ದರು. 2011ರ ನವೆಂಬರಿನಲ್ಲಿ ಸ್ಕೈವರ್ಡ್ ಸ್ವೋರ್ಡ್ ಬಂದಾಗ ಲಿಂಕ್ ಹುಟ್ಟಿನಿಂದಲೇ ಬಲಗೈಯವನಾಗಿದ್ದ. ಎಡಚರ ಪಾಲಿಗೆ ಇದ್ದ ಒಬ್ಬ ನಾಯಕನೂ ಕೈಬಿಟ್ಟ ಎಂದು ಆಗ ಅನಿಸಿದ್ದು ಸುಳ್ಳಲ್ಲ.

ರಿಮೋಟ್ ನನ್ನ ಎಡಗೈಯಲ್ಲಿದ್ದರೂ ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ, ಯಾವ ಕೈ ಎಂಬುದು ಅದಕ್ಕೆ ಗೊತ್ತಾಗುವುದೂ ಇಲ್ಲ. ಹಾಗಾಗಿ ಮೊದಲ ಕೆಲವು ದಿನ ನಾನು ರಿಮೋಟನ್ನು ಎಡಗೈಯಲ್ಲಿಯೂ ಅದರ ಜೊತೆಗಿರುವ ಎರಡನೆಯ ಕೈಯ ನಿಯಂತ್ರಕವಾದ ನನ್‌ಚಕ್ಕನ್ನು ಬಲಗೈಯಲ್ಲಿಯೂ ಹಿಡಿದು ಆಡಿದೆ. ಪರದೆಯ ಮೇಲೆ ಕತ್ತಿ ಲಿಂಕ್‌ನ ಬಲಭುಜದಿಂದ ಹೊರಡುತ್ತಿತ್ತು, ನನ್ನ ತೋಳು ಎಡದಿಂದ. ಇಷ್ಟು ಸಣ್ಣ ವ್ಯತ್ಯಾಸ ಮನಸ್ಸಿಗೆ ಒಗ್ಗಿಹೋಗುತ್ತದೆ ಎಂದುಕೊಂಡಿದ್ದೆ, ಒಗ್ಗಲಿಲ್ಲ. ಆದರೆ ನಾನು ಸೋಲುತ್ತಿದ್ದುದಕ್ಕೆ ನಿಜವಾದ ಕಾರಣ ಅದಲ್ಲ ಎಂಬುದು ತಿಳಿಯಲು ಬಹಳ ದಿನ ಹಿಡಿಯಿತು.

ಕಾರಣ ಅರ್ಥವಾಗಬೇಕಾದರೆ ರಿಮೋಟಿನೊಳಗೆ ಏನಿದೆ ಎಂದು ಸ್ವಲ್ಪ ತಿಳಿದಿರಬೇಕು. ಆರಂಭದ ವೀ ರಿಮೋಟಿನಲ್ಲಿ ಇದ್ದುದು ಅಕ್ಸೆಲೆರೋಮೀಟರ್ ಮತ್ತು ಟೀವಿಯ ಬಳಿ ಇಟ್ಟ ಪಟ್ಟಿಯಿಂದ ಬರುವ ಅವಗೆಂಪು ಬೆಳಕನ್ನು ನೋಡುವ ಪುಟ್ಟ ಕ್ಯಾಮೆರಾ. ಅಕ್ಸೆಲೆರೋಮೀಟರಿಗೆ ಕೈ ಜೋರಾಗಿ ಅಲುಗಿತು ಎಂಬುದು ತಿಳಿಯುತ್ತದೆ, ರಿಮೋಟ್ ನೆಲದ ಕಡೆಗೆ ಎಷ್ಟು ಬಾಗಿದೆ ಎಂಬುದೂ ತಿಳಿಯುತ್ತದೆ. ಕೈ ಯಾವ ದಿಕ್ಕಿಗೆ ಎಷ್ಟು ತಿರುಗಿತು ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಟ್ವೈಲೈಟ್ ಪ್ರಿನ್ಸೆಸ್‌ನಲ್ಲಿ ರಿಮೋಟನ್ನು ಹೇಗೆ ಅಲ್ಲಾಡಿಸಿದರೂ ಲಿಂಕ್ ತನಗೆ ತಿಳಿದಂತೆ ಕತ್ತಿ ಬೀಸುತ್ತಿದ್ದುದು ಇದೇ ಕಾರಣದಿಂದ. ಅಲ್ಲಿ ಅಲುಗಾಟ ಎಂಬುದು ಬಟನ್ನಿನ ಇನ್ನೊಂದು ಹೆಸರಷ್ಟೇ. 2009ರಲ್ಲಿ ಬಂದ ಮೋಷನ್‌ಪ್ಲಸ್ ಎಂಬ ಜೋಡಣೆ ಇದಕ್ಕೆ ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಸೇರಿಸಿತು. ಸ್ಕೈವರ್ಡ್ ಸ್ವೋರ್ಡ್ ಅದಿಲ್ಲದೆ ನಡೆಯುವುದೇ ಇಲ್ಲ. ಈ ಆಟದಲ್ಲಿ ಮಣಿಕಟ್ಟನ್ನು ತಿರುಗಿಸಿದರೆ ಲಿಂಕ್‌ನ ಮಣಿಕಟ್ಟೂ ಅಷ್ಟೇ ತಿರುಗುತ್ತದೆ, ಅಡ್ಡ ಹೊಡೆತ ಅಡ್ಡಕ್ಕೇ ಬೀಳುತ್ತದೆ, ಮುಂದಕ್ಕೆ ಚುಚ್ಚಿದರೆ ತಿವಿತವಾಗುತ್ತದೆ.

ಹೊಡೆತದ ದಿಕ್ಕಿಗೆ ಬೆಲೆ ಬಂದದ್ದರಿಂದ ಶತ್ರುಗಳು ಬದಲಾದರು. ಇದೇ ಈ ಆಟದ ದೊಡ್ಡ ಗುಣ ಎಂದು ಇಂದಿಗೂ ಹೇಳುತ್ತೇನೆ. ಫ್ಯಾರನ್ ಕಾಡಿನ ಡೇಕು ಬಾಬಾ ಎಂಬ ಮಾಂಸಾಹಾರಿ ಗಿಡ ಬಾಯನ್ನು ಅಡ್ಡಕ್ಕೆ ತೆರೆದರೆ ಅಡ್ಡವಾಗಿ, ಉದ್ದಕ್ಕೆ ತೆರೆದರೆ ಉದ್ದವಾಗಿ ಸೀಳಬೇಕು. ಬೊಕೊಬ್ಲಿನ್ ಎಂಬ ಶತ್ರು ತನ್ನ ಆಯುಧವನ್ನು ಒಂದು ಬದಿಗೆ ಅಡ್ಡ ಹಿಡಿಯುತ್ತದೆ, ಏಟು ಬೀಳಬೇಕಾದದ್ದು ಇನ್ನೊಂದು ಬದಿಯಿಂದ. ಸ್ಟಾಲ್ಫೋಸ್ ಎಂಬ ಎಲುಬಿನ ಯೋಧ ಎರಡು ಕತ್ತಿ ಹಿಡಿದು ನಡುವೆ ಒಂದೇ ಒಂದು ಸಂದಿ ಬಿಡುತ್ತಾನೆ. ಬೇರೆ ಆಟಗಳಲ್ಲಿ ದಾರಿಯ ಕಸದಂತೆ ಗುಡಿಸಿ ಮುಂದೆ ಹೋಗುವ ಚಿಲ್ಲರೆ ಶತ್ರುವಿನ ಎದುರೂ ಇಲ್ಲಿ ಒಂದು ಕ್ಷಣ ನಿಂತು, ಅವನ ಕೈ ಎಲ್ಲಿದೆ ಎಂದು ನೋಡಬೇಕು.

ನನಗೆ ಕಷ್ಟವಾದದ್ದು ನೋಡುವುದಲ್ಲ, ಹೊಡೆಯುವುದು. ಎಡದಿಂದ ಬಲಕ್ಕೆ ಬೀಸಬೇಕಾದರೆ ಯಾರಾದರೂ ಮೊದಲು ಕೈಯನ್ನು ಎಡಕ್ಕೆ ಎಳೆದುಕೊಳ್ಳುತ್ತಾರೆ. ಹಾಗೆ ಎಳೆದುಕೊಂಡದ್ದನ್ನೇ ಆಟ ಹೊಡೆತವೆಂದು ಓದಿಬಿಡುತ್ತಿತ್ತು. ನಾನು ಎಡದಿಂದ ಹೊಡೆಯಲು ಸಿದ್ಧನಾಗುತ್ತಿದ್ದೆ, ಲಿಂಕ್ ಬಲದಿಂದ ಹೊಡೆದು ಮುಗಿಸುತ್ತಿದ್ದ, ಬೊಕೊಬ್ಲಿನ್ ಅದನ್ನು ನೆಮ್ಮದಿಯಾಗಿ ತಡೆಯುತ್ತಿತ್ತು. ರಿಮೋಟ್ ಕೆಟ್ಟಿದೆ ಎಂದು ತೀರ್ಮಾನಿಸಿ ಬ್ಯಾಟರಿ ಬದಲಿಸಿದೆ, ಟೀವಿಯಿಂದ ದೂರ ಕುಳಿತೆ, ಹತ್ತಿರ ಕುಳಿತೆ, ಕೊನೆಗೆ ಎದ್ದು ನಿಂತೂ ಆಡಿದೆ. ನಿಂತು ಆಡಿದಾಗ ಸೋಲು ಇನ್ನೂ ಹೆಚ್ಚಾಯಿತು, ಏಕೆಂದರೆ ನಿಂತವನ ಬೀಸು ಕುಳಿತವನ ಬೀಸಿಗಿಂತ ದೊಡ್ಡದು.

ಬೇಸತ್ತು ರಿಮೋಟನ್ನು ಬಲಗೈಗೆ ದಾಟಿಸಿದ ಸಂಜೆ ವಿಚಿತ್ರವೊಂದು ನಡೆಯಿತು. ನನ್ನ ಬಲಗೈ ಮಂದ. ಯಾವುದನ್ನೂ ಥಟ್ಟನೆ ಮಾಡಲು ಅದಕ್ಕೆ ಬಾರದು. ಕತ್ತಿಯನ್ನು ಎಡಕ್ಕೆ ಒಯ್ಯಬೇಕೆಂದರೆ ಅದು ಯೋಚಿಸಿ, ನಿಧಾನವಾಗಿ ಒಯ್ಯುತ್ತಿತ್ತು, ಆಮೇಲೆ ಬೀಸುತ್ತಿತ್ತು. ಬೊಕೊಬ್ಲಿನ್‌ಗಳು ಒಂದರ ಹಿಂದೊಂದು ಬೀಳತೊಡಗಿದವು. ಆಟ ಹೊಡೆತವನ್ನು ಗುರುತಿಸುವುದು ಕೈಯ ವೇಗದಿಂದ ಎಂಬುದು ಆಗ ಹೊಳೆಯಿತು. ನಿಧಾನವಾಗಿ ಸರಿಸಿದರೆ ಕತ್ತಿ ಸುಮ್ಮನೆ ಜಾಗ ಬದಲಿಸುತ್ತದೆ, ವೇಗ ಒಂದು ಮಟ್ಟ ಮೀರಿದರೆ ಮಾತ್ರ ಅದು ಹೊಡೆತವಾಗುತ್ತದೆ. ನನ್ನ ಚುರುಕಾದ ಎಡಗೈ ಸಿದ್ಧತೆಯನ್ನೂ ಹೊಡೆತದಷ್ಟೇ ವೇಗವಾಗಿ ಮಾಡಿ ಆಟವನ್ನು ಗಲಿಬಿಲಿಗೊಳಿಸುತ್ತಿತ್ತು. ಅಂದಿನಿಂದ ನಾನು ಅನುಸರಿಸಿದ ಕ್ರಮ ಸರಳ: ಮೊಣಕೈಯನ್ನು ತೊಡೆಯ ಮೇಲೆ ಊರಿ, ತೋಳನ್ನು ಮರೆತು, ಮಣಿಕಟ್ಟಿನಿಂದ ಮಾತ್ರ ಕತ್ತಿಯನ್ನು ಬೇಕಾದ ಕಡೆಗೆ ನಿಧಾನವಾಗಿ ಒಯ್ದು, ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ನಂತರ ಗೇಣುದ್ದವೂ ಇಲ್ಲದ ಒಂದು ಚುರುಕು ಬೀಸು. ಹೊಡೆತ ಮುಗಿದ ಮೇಲೆ ಕೈಯನ್ನು ಒಡನೆ ಹಿಂದಕ್ಕೆ ತರಬಾರದು. ತಂದರೆ ಅದೂ ಇನ್ನೊಂದು ಹೊಡೆತವಾಗುತ್ತದೆ.

ಈ ಪಾಠವನ್ನು ಆಟವೇ ಕಲಿಸಲು ಯತ್ನಿಸುತ್ತದೆ ಎಂಬುದು ನಿಜ, ಆದರೆ ಅದರ ಮೇಷ್ಟರು ಬಹಳ ಕಟು. ಮೊದಲ ದೇಗುಲವಾದ ಸ್ಕೈವ್ಯೂ ಟೆಂಪಲ್‌ನ ಕೊನೆಯಲ್ಲಿ ಎದುರಾಗುವ ಗಿರಾಹಿಮ್ ಬರಿಗೈಯಲ್ಲಿ ನಿಂತು, ನಮ್ಮ ಕತ್ತಿ ಎತ್ತ ಹೋದರೂ ತನ್ನ ಕೈಯನ್ನು ಅತ್ತಲೇ ಸರಿಸುತ್ತ, ಬಂದ ಏಟನ್ನು ಎರಡು ಬೆರಳ ನಡುವೆ ಹಿಡಿದುಬಿಡುತ್ತಾನೆ. ಸಿಟ್ಟಿಗೆದ್ದು ಬೀಸಿದಷ್ಟೂ ಅವನಿಗೆ ಖುಷಿ. ಕತ್ತಿಯನ್ನು ಒಂದು ಬದಿಗೆ ತೋರಿಸಿ, ಅವನ ಕೈ ಅತ್ತ ಬಂದ ಮೇಲೆ ಇನ್ನೊಂದು ಬದಿಯಿಂದ ಹೊಡೆಯಬೇಕು. ಎಡಗೈಯಲ್ಲಿ ಏಳು ಸಲ ಸೋತವನು ಬಲಗೈಯಲ್ಲಿ ಎರಡನೆಯ ಯತ್ನಕ್ಕೆ ಗೆದ್ದೆ. ಬಟನ್ನಿನ ಆಟದಲ್ಲಿ ಇಂಥ ಕಾಳಗವನ್ನು ನಾನು ಆಡಿರಲಿಲ್ಲ. ಮೋಸ ಮಾಡುವ ಸುಖ ನೇರ ಕೈಗೇ ಸಿಕ್ಕಿದಂತಿತ್ತು.

ಇನ್ನೊಂದು ತೊಡಕಿಗೆ ಮಾತ್ರ ಕೈಯ ಪಳಗುವಿಕೆಯಲ್ಲಿ ಮದ್ದಿಲ್ಲ. ಜೈರೋಸ್ಕೋಪ್ ಅಳೆಯುವುದು ತಿರುಗುವ ವೇಗವನ್ನು. ಎಷ್ಟು ತಿರುಗಿದೆ ಎಂಬುದನ್ನು ಆ ವೇಗವನ್ನು ಕ್ಷಣಕ್ಷಣವೂ ಕೂಡಿಸುತ್ತ ಲೆಕ್ಕ ಹಾಕಬೇಕು. ಅಳತೆಯಲ್ಲಿರುವ ಕೂದಲೆಳೆಯಷ್ಟು ತಪ್ಪು ಕೂಡ ಹೀಗೆ ಕೂಡುತ್ತ ಕೂಡುತ್ತ ಬೆಳೆಯುತ್ತದೆ. ಮೇಲೆ ಕೆಳಗೆ ಬಾಗಿದ್ದನ್ನು ಗುರುತ್ವದ ದಿಕ್ಕು ನೋಡಿ ತಿದ್ದಿಕೊಳ್ಳಬಹುದು, ಎಡಕ್ಕೆ ಬಲಕ್ಕೆ ಹೊರಳಿದ್ದನ್ನು ತಿದ್ದಲು ಅಂಥ ಆಸರೆಯಿಲ್ಲ. ಟೀವಿಯ ಬಳಿಯ ಪಟ್ಟಿ ಆ ಆಸರೆ ಕೊಡಬಲ್ಲದಾಗಿತ್ತು, ಆದರೆ ಈ ಆಟ ಬಿಲ್ಲು, ಕವಣೆಗಳ ಗುರಿಗೂ ಹೆಚ್ಚಾಗಿ ಜೈರೋಸ್ಕೋಪನ್ನೇ ನೆಚ್ಚಿಕೊಂಡಿದೆ. ಪರಿಣಾಮವಾಗಿ, ಅರ್ಧ ಗಂಟೆ ಆಡಿದ ಮೇಲೆ ಗುರಿಯ ಚುಕ್ಕೆ ಪರದೆಯ ಮಧ್ಯದಿಂದ ಮೆಲ್ಲಗೆ ಒಂದು ಕಡೆಗೆ ಜಾರಿರುತ್ತದೆ, ನಾನು ಅರಿವಿಲ್ಲದೆ ಟೀವಿಯ ಪಕ್ಕದ ಗೋಡೆಗೆ ಬಾಣ ಹಿಡಿದು ಕುಳಿತಿರುತ್ತೇನೆ. ರಿಮೋಟನ್ನು ಪರದೆಯ ನಡುವಿಗೆ ಹಿಡಿದು ಕೂಡು ಗುರುತಿನ ಆಕಾರದ ಬಟನ್ನಿನ ಕೆಳಭಾಗ ಒತ್ತಿದರೆ ಚುಕ್ಕೆ ಸ್ವಸ್ಥಾನಕ್ಕೆ ಬರುತ್ತದೆ. ಬಿಲ್ಲು ತೆಗೆದಾಗಲೆಲ್ಲ ಮೊದಲು ಈ ಬಟನ್ ಒತ್ತುವುದನ್ನು, ಕನ್ನಡಕ ಒರೆಸಿ ಓದಲು ಕುಳಿತಂತೆ, ರೂಢಿ ಮಾಡಿಕೊಂಡೆ. ಹೆಚ್ಚು ಕೆಟ್ಟಾಗ ರಿಮೋಟನ್ನು ಬಟನ್ ಕೆಳಗಾಗಿ ಮೇಜಿನ ಮೇಲೆ ಕೆಲವು ಸೆಕೆಂಡು ಅಲುಗದಂತೆ ಇಟ್ಟು ಜೈರೋಸ್ಕೋಪಿಗೆ ನಿಶ್ಚಲತೆ ಎಂದರೇನೆಂದು ನೆನಪಿಸಬೇಕು. ಗಿರಾಹಿಮ್‌ನ ಎದುರು ಸೋತರೆ ತಪ್ಪು ನನ್ನದು ಎಂದು ಒಪ್ಪಬಹುದು. ಗುರಿ ತಾನಾಗಿ ಜಾರಿದಾಗ ಒಪ್ಪಲು ಮನಸ್ಸು ಬಾರದು.

ಕತ್ತಿಯ ಆಚೆಗೆ ಕೈಯ ಚಲನೆಯನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ನೋಡಿದರೆ, ಗುಣದೋಷಗಳು ಒಂದೇ ಬೇರಿನಿಂದ ಬಂದಿವೆ ಎನಿಸುತ್ತದೆ. ಬೀಟಲ್ ಎಂಬ ಹಾರುವ ಯಂತ್ರದುಂಬಿಯನ್ನು ರಿಮೋಟ್ ಬಾಗಿಸಿ ಇಕ್ಕಟ್ಟಾದ ಸಂದಿಗಳಲ್ಲಿ ತೂರಿಸುವುದು ಎಷ್ಟು ಹಿತವೆಂದರೆ, ಅಗತ್ಯವಿಲ್ಲದ ಕಡೆಯೂ ಅದನ್ನು ಹಾರಿಸಿ ಸುತ್ತಮುತ್ತ ನೋಡಿ ಬರುತ್ತಿದ್ದೆ. ಬಾಂಬನ್ನು ಮೇಲಿನಿಂದ ಎಸೆಯಬಹುದು, ಕೈಯನ್ನು ಕೆಳಗಿಳಿಸಿ ನೆಲದ ಮೇಲೆ ಉರುಳಿಸಲೂ ಬಹುದು. ದೇಗುಲದ ಬಾಗಿಲ ಮೇಲಿನ ಕಣ್ಣು ಕತ್ತಿಯ ತುದಿಯನ್ನೇ ಹಿಂಬಾಲಿಸುತ್ತದೆ, ಸುತ್ತ ತಿರುಗಿಸಿದರೆ ತಲೆಸುತ್ತಿ ಬಾಗಿಲು ತೆರೆಯುತ್ತದೆ. ಇವೆಲ್ಲದರಲ್ಲಿ ಕೈ ಎಲ್ಲಿದೆ, ಹೇಗಿದೆ ಎಂಬುದಕ್ಕೆ ಅರ್ಥವಿದೆ. ಲಾಫ್ಟ್‌ವಿಂಗ್ ಹಕ್ಕಿಯ ಮೇಲೆ ಆಕಾಶದಲ್ಲಿ ಹೋಗುವಾಗ ಅಂಥ ಅರ್ಥ ತೆಳುವಾಗುತ್ತದೆ; ಖಾಲಿ ಆಕಾಶ ದಾಟಲು ಮತ್ತೆ ಮತ್ತೆ ರೆಕ್ಕೆ ಬಡಿಸುತ್ತ ಮಣಿಕಟ್ಟು ನೋಯುತ್ತದೆ. ನೀರಿನೊಳಗೆ ಈಜುವುದಂತೂ ನನಗೆ ಕೊನೆಯವರೆಗೂ ಕೈಹತ್ತಲಿಲ್ಲ. ಆಟದ ಉತ್ತರಾರ್ಧದಲ್ಲಿ ಫ್ಯಾರನ್ ಕಾಡು ಮುಳುಗಿದಾಗ ನೀರಿನಲ್ಲಿ ಚದುರಿದ ಸ್ವರಜೀವಿಗಳನ್ನು ಗುಂಪುಗುಂಪಾಗಿ ಹೆಕ್ಕಬೇಕಾದ ಭಾಗವನ್ನು ನಾನು ಹಲ್ಲುಕಚ್ಚಿ ಮುಗಿಸಿದೆ. ವೀಣೆಯಂಥ ಹಾರ್ಪ್ ನುಡಿಸುವಾಗ ಕೈಯನ್ನು ತಾಳಕ್ಕೆ ತಕ್ಕಂತೆ ಅತ್ತಿತ್ತ ಆಡಿಸಬೇಕು, ಆದರೆ ಯಾವ ತಂತಿ ಎಂಬುದಕ್ಕೆ ಬೆಲೆಯಿಲ್ಲ. ಕತ್ತಿಯಲ್ಲಿ ಅಷ್ಟು ನಿಖರತೆ ಕೇಳಿದ ಆಟ ಹಾರ್ಪಿನಲ್ಲಿ ಗಾಳಿ ಬೀಸಣಿಗೆಯಷ್ಟಕ್ಕೇ ತೃಪ್ತಿಪಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು.

ಕೈಗೆ ಸಂಬಂಧಿಸದ ಕಿರಿಕಿರಿಗಳೂ ಇವೆ. ಕತ್ತಿಯೊಳಗಿನ ಆತ್ಮವಾದ ಫೈ ನಾವಾಗಲೇ ಕಂಡದ್ದನ್ನು ಶೇಕಡಾವಾರು ಸಂಭವನೀಯತೆಯೊಂದಿಗೆ ಮತ್ತೆ ಹೇಳುತ್ತಾಳೆ. ರಿಮೋಟಿನ ಬ್ಯಾಟರಿ ಇಳಿದಿದೆ ಎಂದು ವರದಿ ಒಪ್ಪಿಸಲೂ ಬರುತ್ತಾಳೆ. ಆಟವನ್ನು ಮತ್ತೆ ಆರಂಭಿಸಿದಾಗಲೆಲ್ಲ, ನೂರು ಸಲ ಹೆಕ್ಕಿದ ಹುಳುವಿನ ವಿವರಣೆಯೂ ಹೊಸದೆಂಬಂತೆ ಪರದೆ ತುಂಬುತ್ತದೆ. ‘ಇಂಪ್ರಿಸನ್ಡ್’ ಎಂಬ ದೈತ್ಯನನ್ನು ಒಂದೇ ಕಡೆ ಮೂರು ಸಲ ಕಾದಾಡಿ ಹಿಮ್ಮೆಟ್ಟಿಸಬೇಕು. ಇವನ್ನೆಲ್ಲ ಸಹಿಸಲು ಲನಾಯ್ರು ಮರುಭೂಮಿ ನನಗೆ ಸಾಕಾಯಿತು: ಅಲ್ಲಿನ ಕಾಲಶಿಲೆಗೆ ಏಟು ಕೊಟ್ಟರೆ ಅದರ ಸುತ್ತಲಿನ ಒಂದು ವೃತ್ತದಷ್ಟು ಜಾಗ ಮಾತ್ರ ಪ್ರಾಚೀನ ಕಾಲಕ್ಕೆ ಮರಳಿ, ಮರಳಿನ ನಡುವೆ ಹಸಿರು ಮೂಡಿ, ತುಕ್ಕು ಹಿಡಿದು ಬಿದ್ದಿದ್ದ ಯಂತ್ರಮಾನವರು ಎದ್ದು ಮಾತನಾಡುತ್ತಾರೆ. ಕತ್ತಿಯನ್ನೇ ಕಸಿದುಕೊಂಡು ಆಡಿಸುವ ‘ಸೈಲೆಂಟ್ ರೆಲ್ಮ್’ ಪರೀಕ್ಷೆಗಳಲ್ಲಿ ಹದಿನೈದು ಕಣ್ಣೀರ ಹನಿಗಳನ್ನು ಆರಿಸಬೇಕು, ಒಂದು ಹನಿ ಸಿಕ್ಕರೆ 90 ಸೆಕೆಂಡುಗಳ ಅಭಯ, ಕಾವಲುಗಾರನ ಒಂದೇ ಏಟಿಗೆ ಎಲ್ಲವೂ ಮೊದಲಿನಿಂದ. ನನ್ನ ಎದೆ ಅತಿ ಹೆಚ್ಚು ಹೊಡೆದುಕೊಂಡದ್ದು ಕೈ ಬೀಸಲು ಏನೂ ಇಲ್ಲದ ಆ ಓಟದಲ್ಲಿ ಎಂಬುದನ್ನು ಒಪ್ಪಿಕೊಳ್ಳಬೇಕು.

2021ರ ಜುಲೈನಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಎಚ್‌ಡಿ ಆವೃತ್ತಿ ಬಂದಾಗ ಎರಡನೆಯ ಸಲ ಆಡಿದೆ. ಫೈ ಮೊದಲಿನಷ್ಟು ಅಡ್ಡ ಬರುವುದಿಲ್ಲ, ಹುಳುವಿನ ವಿವರಣೆಗಳು ಮತ್ತೆ ಮತ್ತೆ ಬರುವುದು ನಿಂತಿದೆ, ಚಲನೆ ಸೆಕೆಂಡಿಗೆ 60 ಚಿತ್ರಗಳಾಗಿ ನುಣುಪಾಗಿದೆ. ಬಲಬದಿಯ ಸ್ಟಿಕ್ಕನ್ನು ಹೆಬ್ಬೆರಳಿನಿಂದ ಬೇಕಾದ ದಿಕ್ಕಿಗೆ ತಳ್ಳಿ ಕತ್ತಿ ಬೀಸುವ ಅವಕಾಶವೂ ಇದೆ. ಕೈ ನೋವಿರುವವರಿಗೆ, ಮಲಗಿ ಆಡುವವರಿಗೆ ಇದು ದೊಡ್ಡ ಉಪಕಾರ. ಹಕ್ಕಿಯ ಹಾರಾಟ, ಈಜು, ಹಾರ್ಪ್ ಎಲ್ಲವನ್ನೂ ನಾನು ಹೀಗೆಯೇ ಮುಗಿಸಿ ನಿಟ್ಟುಸಿರು ಬಿಟ್ಟೆ. ಆದರೆ ಅದೇ ಸ್ಟಿಕ್ ಕ್ಯಾಮೆರಾ ತಿರುಗಿಸಲೂ ಬೇಕಾಗಿರುವುದರಿಂದ, ಸುತ್ತ ನೋಡಬೇಕಾದರೆ ಎಲ್ ಬಟನ್ನನ್ನು ಒತ್ತಿ ಹಿಡಿದಿರಬೇಕು. ಅವಸರದಲ್ಲಿ ಅದನ್ನು ಮರೆತು, ಸುಮ್ಮನೆ ಪಕ್ಕಕ್ಕೆ ನೋಡಲು ಹೋಗಿ ಕತ್ತಿ ಹಿರಿದು ನಿಂತದ್ದು ಎಷ್ಟು ಸಲವೋ. ಗಿರಾಹಿಮ್‌ನ ಎದುರು ಸ್ಟಿಕ್ಕನ್ನು ಒಂದು ಕಡೆ ಹಿಡಿದು ಇನ್ನೊಂದು ಕಡೆ ತಳ್ಳಿ ಗೆದ್ದೆ. ಹೆಬ್ಬೆರಳಿಗೆ ಅದರಲ್ಲಿ ಯಾವ ಅಳುಕೂ ಇರಲಿಲ್ಲ, ಸುಖವೂ ಇರಲಿಲ್ಲ. ಅವನ ಮುಂದಿನ ಎರಡು ಕಾಳಗಗಳಿಗೆ ಸ್ವಿಚ್‌ನ ಎರಡು ಬದಿಯ ನಿಯಂತ್ರಕಗಳಾದ ಜಾಯ್‌ಕಾನ್‌ಗಳನ್ನು ಬಿಡಿಸಿ ಕೈಗೆ ತೆಗೆದುಕೊಂಡೆ.

ಈಗ ಹಳೆಯ ವೀಯಲ್ಲಿ ಮೂರನೆಯ ಸಲ, ರಿಮೋಟನ್ನು ಎಡಗೈಯಲ್ಲಿ ಹಿಡಿದು ಮೊದಲಿನಿಂದ ಆರಂಭಿಸಿದ್ದೇನೆ. ಬಲಗೈ ಕಲಿಸಿದ ನಿಧಾನವನ್ನು ಎಡಗೈ ಇನ್ನೂ ಪೂರ್ತಿ ಕಲಿತಿಲ್ಲ. ನಿನ್ನೆ ಗಿರಾಹಿಮ್ ಮೂರು ಸಲ ಕತ್ತಿಯನ್ನು ಬೆರಳ ನಡುವೆ ಹಿಡಿದ, ನಾಲ್ಕನೆಯದು ತಗಲಿತು.