ನಾಯ್ಕ ಬೇರೆ, ನಾಯಕ ಬೇರೆ

2015ರ ಏಪ್ರಿಲ್‌ನಲ್ಲಿ ಜಾತಿ ಗಣತಿಗೆ ನನ್ನನ್ನು ಹಾಕಿದ್ದು ಪಾವಗಡದ ಗಡಿಯ ಒಂದು ಲಂಬಾಣಿ ತಾಂಡಾಕ್ಕೆ. ಮೊದಲ ಮನೆಯಲ್ಲೇ ಎಡವಿದೆ. ಯಜಮಾನರ ಹೆಸರಿನ ಕೊನೆಗೆ ‘ನಾಯ್ಕ’ ಇತ್ತು. ನಾನು ಜಾತಿ ಕಾಲಂನಲ್ಲಿ ‘ನಾಯಕ’ ಎಂದು ಬರೆದುಬಿಟ್ಟೆ. ಪಕ್ಕದಲ್ಲಿದ್ದ ಹುಡುಗ ಇಣುಕಿ ನೋಡಿದ. "ಸಾರ್, ನಮ್ಮನ್ನ ವಾಲ್ಮೀಕಿಯವರು ಮಾಡಿಬಿಟ್ರಲ್ಲ!"

ಅವನು ನಕ್ಕ, ನಾನು ಬೆವೆತೆ. ನಮ್ಮ ಕಡೆ ನಾಯಕರು ಎಂದರೆ ವಾಲ್ಮೀಕಿ ನಾಯಕರು, ಪರಿಶಿಷ್ಟ ಪಂಗಡ. ಲಂಬಾಣಿಗರಲ್ಲಿ ನಾಯ್ಕ ಎಂದರೆ ತಾಂಡಾದ ಮುಖಂಡ. ಅದೇ ಪದ ಹೆಸರುಗಳಿಗೂ ಅಂಟಿಕೊಂಡಿದೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ.

ಅಲ್ಲಿಂದ ಮುಂದೆ "ಯಾವ ಜಾತಿ?" ಎಂದು ಕೇಳುವುದನ್ನೇ ಬಿಟ್ಟೆ. ನಿಮ್ಮೊಳಗೆ ನೀವು ಏನಂತೀರಿ, ಊರವರು ಏನಂತಾರೆ, ಸರ್ಟಿಫಿಕೇಟಲ್ಲಿ ಏನಿದೆ ಎಂದು ಕೇಳುತ್ತಾ ಹೋದೆ. ಮೂರಕ್ಕೂ ಬೇರೆ ಬೇರೆ ಉತ್ತರ! ಒಬ್ಬ ತಾತ ಹೇಳಿದರು, "ನಾವು ಗೋರ್. ನೀವು ಕೋರ್, ಮೇಷ್ಟ್ರೇ." ಗೋರ್ ಅಂದರೆ ಅವರ ಜನ, ಕೋರ್ ಅಂದರೆ ಹೊರಗಿನವರು. ಅಷ್ಟು ವರ್ಷ ಬೇರೆಯವರಿಗೆ ಹೆಸರಿಟ್ಟುಕೊಂಡು ಬಂದವನಿಗೆ, ನನಗೂ ಒಂದು ಹೆಸರಿದೆ ಎಂದು ಗೊತ್ತಾಗಿದ್ದು ಆವತ್ತೇ. ಊರವರ ಬಾಯಲ್ಲಿ ಅವರು ಲಂಬಾಣಿ, ತೆಲುಗಿನವರ ಬಾಯಲ್ಲಿ ಸುಗಾಲಿ. ಸರ್ಟಿಫಿಕೇಟಲ್ಲಿ ಅಣ್ಣ ಲಂಬಾಣಿ, ತಮ್ಮ ಬಂಜಾರ. ರಾಜ್ಯದ ಪಟ್ಟಿಯಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿರುವುದರಿಂದ ತೊಂದರೆಯಿಲ್ಲ.

ಜಾಸ್ತಿ ತಲೆನೋವು ಸೊಸೆಯಂದಿರದು. ಪಾವಗಡದ ಮೂರು ಕಡೆಗೂ ಆಂಧ್ರ, ಸಂಬಂಧಗಳೂ ಅತ್ತಿತ್ತ ಬೆಳೆಯುತ್ತವೆ. ಮಡಕಶಿರಾ ಕಡೆಯಿಂದ ಬಂದ ಹೆಣ್ಣುಮಗಳು "ನಾನು ಎಸ್‌ಟಿ" ಎಂದಳು. ಗಂಡ ಎಸ್‌ಸಿ. ಇಬ್ಬರು ಹೇಳಿದ್ದೂ ಸರಿ. ಸಂವಿಧಾನದ 341 ಮತ್ತು 342ನೇ ವಿಧಿಗಳ ಪ್ರಕಾರ ಒಂದೊಂದು ರಾಜ್ಯಕ್ಕೂ ಬೇರೆ ಪಟ್ಟಿ. ಆಂಧ್ರದಲ್ಲಿ ಸುಗಾಲಿಗಳು ಪಂಗಡದ ಪಟ್ಟಿಯಲ್ಲಿದ್ದಾರೆ. "ಗಡಿ ದಾಟಿದ್ರೆ ಜಾತಿ ಬದಲಾಗುತ್ತಾ?" ಎಂದು ಅತ್ತೆ ರೇಗಿದರು. ಜಾತಿಯಲ್ಲ ತಾಯಿ, ಪಟ್ಟಿ ಎಂದೆ. ಜಾತಿ ಕಾಲಂನಲ್ಲಿ ಇಬ್ಬರಿಗೂ ಲಂಬಾಣಿ ಎಂದೇ ಬರೆದೆ.

"ನಾವು ಇರೋದೇ ಮೂವತ್ತು ಮನೆ. ಅಲ್ಪಸಂಖ್ಯಾತರು ಅಲ್ವಾ?" ಎಂದು ತಾತ ಕೆಣಕಿದರು. ತಲೆ ಎಣಿಸಿದರೆ ಹೌದು. ಆದರೆ ಸರ್ಕಾರದ ಕಾಗದದಲ್ಲಿ ಆ ಪದ ಧರ್ಮದ ಲೆಕ್ಕದ್ದು: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಜೈನ. ತಾತನಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯೇನಿಲ್ಲ.

ಸಂಜೆ ಮೊದಲ ಮನೆಗೆ ವಾಪಸ್ ಹೋಗಿ ನಾಯಕ ಎಂದಿದ್ದನ್ನು ತಿದ್ದಿದೆ. ಒಳಗಿನಿಂದ ಅಜ್ಜಿ ತಮ್ಮ ಮಾತಿನಲ್ಲಿ ಏನೋ ಕೂಗಿ ಹೇಳಿದರು. ನನಗೆ ತಿಳಿದದ್ದು ‘ಕೋರ್’ ಒಂದೇ ಪದ. ಸ್ವಲ್ಪ ಹೊತ್ತಿಗೆ ಒಂದು ಚೊಂಬು ಮಜ್ಜಿಗೆ ಬಂತು.